ಎಡಸುರುಳಿಯ ಶಂಕುಬಸವನಹುಳು: ಒಂದು ಪಳೆಯುಳಿಕೆಯ ಎರಡು ಹೆಸರುಗಳು

ಒಂದು ಜೀವಿಗೆ ಒಂದೇ ವೈಜ್ಞಾನಿಕ ಹೆಸರು ಎಂದು ದ್ವಿನಾಮ ಪದ್ಧತಿಯ ಪಾಠದಲ್ಲಿ ಹೇಳುವುದು ವಾಡಿಕೆ. ಅದೇ ಜೀವಿಯ ಹೆಸರು ಎರಡು ಪುಸ್ತಕಗಳಲ್ಲಿ ಎರಡು ಬಗೆಯಾಗಿ ಅಚ್ಚಾಗಿರುವುದನ್ನು ಕಂಡ ವಿದ್ಯಾರ್ಥಿಯು ಯಾವುದು ಸರಿ ಎಂದು ಕೇಳಿಯೇ ಕೇಳುತ್ತಾನೆ. ಒಂದು ತಪ್ಪು, ಇನ್ನೊಂದು ಸರಿ ಎಂಬ ಉತ್ತರ ಎಲ್ಲ ಕಡೆಯೂ ಸಲ್ಲುವುದಿಲ್ಲ. ಅಮೆರಿಕದ ಆಗ್ನೇಯ ಕರಾವಳಿಯ ಒಂದು ಪಳೆಯುಳಿಕೆ ಇದಕ್ಕೆ ಒಳ್ಳೆಯ ನಿದರ್ಶನ.

ಶಂಕುವಿನ ಆಕಾರದ ಚಿಪ್ಪುಳ್ಳ, ವಿಷದ ಹಲ್ಲಿನಿಂದ ಬೇಟೆಯಾಡುವ ಕಡಲ ಬಸವನಹುಳುಗಳಿಗೆ ಲಿನ್ನೇಯಸ್ 1758ರಲ್ಲಿ ‘ಕೋನಸ್’ ಎಂಬ ಕುಲನಾಮವನ್ನು ಕೊಟ್ಟನು. 1840ರಲ್ಲಿ ಕಾನ್ರಾಡ್ ಎಂಬ ವಿದ್ವಾಂಸನು ಆಗ್ನೇಯ ಕರಾವಳಿಯ ಪಳೆಯುಳಿಕೆಯೊಂದಕ್ಕೆ ‘ಕೋನಸ್ ಅಡ್ವರ್ಸೇರಿಯಸ್’ ಎಂದು ಹೆಸರಿಟ್ಟನು. ಅಡ್ವರ್ಸೇರಿಯಸ್ ಎಂದರೆ ಎದುರಾದದ್ದು, ವಿರೋಧಿ. ಮಿಕ್ಕ ಶಂಕುಬಸವನಹುಳುಗಳ ಚಿಪ್ಪು ಬಲಕ್ಕೆ ಸುತ್ತಿದರೆ ಇದರದ್ದು ಎಡಕ್ಕೆ ಸುತ್ತಿತ್ತು.

ಇಲ್ಲಿ ಶಿಕ್ಷಕರು ಎಚ್ಚರ ವಹಿಸಬೇಕು. ಪ್ರಾಣಿವಿಜ್ಞಾನಿಗಳು ಚಿಪ್ಪಿನ ಸುರುಳಿತುದಿಯನ್ನು ಮೇಲಕ್ಕೆ ಹಿಡಿದು, ಬಾಯನ್ನು ತಮ್ಮ ಕಡೆಗೆ ತಿರುಗಿಸಿ ನೋಡುತ್ತಾರೆ. ಆಗ ಬಾಯಿ ಬಲಗಡೆಗೆ ಬಂದರೆ ಅದು ಬಲಸುರುಳಿ, ಎಡಗಡೆಗೆ ಬಂದರೆ ಎಡಸುರುಳಿ. ಪೂಜೆಯ ಶಂಖವನ್ನು ನೋಡುವ ಕ್ರಮ ಇದಕ್ಕೆ ತಲೆಕೆಳಗು. ಅಲ್ಲಿ ಕಿರಿದಾದ ನಾಳದ ತುದಿ ಮೇಲಿರುತ್ತದೆ. ಆದಕಾರಣ ನಮ್ಮ ಜನ ಅಪೂರ್ವವೆಂದು ಬೆಲೆಕಟ್ಟುವ ಬಲಮುರಿ ಶಂಖ, ತಮಿಳರ ವಲಂಪುರಿ, ಮಲಯಾಳಿಗಳ ವಲಂಪಿರಿ, ವಿಜ್ಞಾನದ ಲೆಕ್ಕದಲ್ಲಿ ಎಡಸುರುಳಿಯದು! ಕಾನ್ರಾಡನ ಬಸವನಹುಳುವೂ ಪೂಜೆಯ ಮಾತಿನಲ್ಲಿ ಬಲಮುರಿಯೇ ಆಗುತ್ತಿತ್ತು. ಎರಡು ಭಾಷೆಗಳ ನಡುವೆ ಬೆಳೆಯುವ ಗಡಿನಾಡಿನ ಮಕ್ಕಳಿಗೆ ಇದು ತಟ್ಟನೆ ಅರ್ಥವಾಗುತ್ತದೆ: ವಸ್ತು ಒಂದೇ, ಹಿಡಿದು ನೋಡುವ ಕ್ರಮ ಬೇರೆ.

1964ರಲ್ಲಿ ಓಲ್ಸನ್ ಮತ್ತು ಪೆಟಿಟ್ ಎಂಬವರು ಈ ಎಡಸುರುಳಿಯ ಜೀವಿಗಳಿಗಾಗಿ ‘ಕಾಂಟ್ರಾಕೋನಸ್’ ಎಂಬ ಹೊಸ ಹೆಸರನ್ನು ಪ್ರಕಟಿಸಿದರು. ಅದನ್ನು ಪ್ರತ್ಯೇಕ ಕುಲವೆಂದು ಒಪ್ಪುವವರು ‘ಕಾಂಟ್ರಾಕೋನಸ್ ಅಡ್ವರ್ಸೇರಿಯಸ್ (ಕಾನ್ರಾಡ್, 1840)’ ಎಂದು ಬರೆಯುತ್ತಾರೆ. ಇಲ್ಲಿನ ಆವರಣ ಅಲಂಕಾರಕ್ಕಾಗಿ ಬಂದದ್ದಲ್ಲ. ಕಾನ್ರಾಡನು ಮೊದಲು ಇಟ್ಟ ಕುಲದಿಂದ ಈ ಪ್ರಭೇದವು ಸ್ಥಳಾಂತರಗೊಂಡಿದೆ ಎಂಬುದನ್ನು ಅದು ತಿಳಿಸುತ್ತದೆ. ಕುಲ ಬದಲಾದರೂ ‘ಅಡ್ವರ್ಸೇರಿಯಸ್’ ಎಂಬ ಪ್ರಭೇದನಾಮ, ಹೆಸರಿಟ್ಟವನು, ಇಸವಿ ಮೂರೂ ಉಳಿದುಕೊಂಡಿವೆ. ಪ್ರಭೇದನಾಮವೇ ಬದಲಾಗಬೇಕಾದ ಸಂದರ್ಭಗಳೂ ಉಂಟು. ಒಂದೇ ಕುಲದಲ್ಲಿ ಎರಡು ಬೇರೆ ಪ್ರಭೇದಗಳಿಗೆ ಒಂದೇ ಹೆಸರು ಬಿದ್ದಿದ್ದರೆ ಸಾಮಾನ್ಯವಾಗಿ ಹಿಂದಿನದು ಉಳಿದು, ಈಚಿನದಕ್ಕೆ ಬದಲಿ ಹೆಸರು ಬರುತ್ತದೆ. ಹೆಸರು ಹಿಡಿಸಲಿಲ್ಲವೆಂದೋ ಅರ್ಥ ಹೊಂದಲಿಲ್ಲವೆಂದೋ ಬದಲಾಯಿಸಲು ನಾಮಕರಣ ಸಂಹಿತೆ ಅವಕಾಶ ಕೊಡುವುದಿಲ್ಲ.

ಕಾಂಟ್ರಾಕೋನಸ್ಸನ್ನು ಎಲ್ಲರೂ ಒಪ್ಪಲಿಲ್ಲ. ಆ ಪ್ರದೇಶದ ಪಳೆಯುಳಿಕೆಗಳನ್ನು ಕುರಿತು 2008ರಲ್ಲಿ ಬರೆದ ಹೆಂಡ್ರಿಕ್ಸ್, ಕೋನಸ್ ಎಂಬ ಹಳೆಯ ಕುಲನಾಮವನ್ನೇ ಬಳಸಿದರು. ಸುರುಳಿಯ ದಿಕ್ಕು ಕಣ್ಣಿಗೆ ಹೊಡೆಯುವ ಲಕ್ಷಣ, ನಿಜ. ಆದರೆ ಕೆಲವು ಕೊಳದ ಬಸವನಹುಳುಗಳಲ್ಲಿ ತಾಯಿಯ ಒಂದೇ ಜೀನು ಮರಿಯ ಸುರುಳಿಯ ದಿಕ್ಕನ್ನು ನಿರ್ಧರಿಸುತ್ತದೆ. ಅಷ್ಟು ಸುಲಭವಾಗಿ ತಿರುಗಬಲ್ಲ ಲಕ್ಷಣವೊಂದರ ಮೇಲೆಯೇ ಕುಲವನ್ನು ಕಟ್ಟುವುದು ದುರ್ಬಲವಾದ ತಳಹದಿ.

ಬದುಕಿರುವ ಶಂಕುಬಸವನಹುಳುಗಳ ವಿಷಯದಲ್ಲಿಯೂ ವಿವಾದ ಸಣ್ಣದಾಗಿರಲಿಲ್ಲ. ಚಿಪ್ಪು ಮತ್ತು ಹಲ್ಲುಗಳನ್ನು ಆಧರಿಸಿದ ಒಂದು ವರ್ಗೀಕರಣವು ಅವುಗಳನ್ನು 5 ಕುಟುಂಬ, 115 ಕುಲಗಳಾಗಿ ಒಡೆಯಿತು. ಅನಂತರ ಪ್ಯುಯಾಂದ್ರ್ ಮತ್ತು ಸಂಗಡಿಗರು 329 ಪ್ರಭೇದಗಳ ಡಿ.ಎನ್.ಎ. ಹೋಲಿಸಿ, ಒಂದೇ ಕುಟುಂಬ, ನಾಲ್ಕೇ ಕುಲ ಸಾಕೆಂದರು. ಶೇಕಡಾ 85ರಷ್ಟು ಪ್ರಭೇದಗಳು ಕೋನಸ್ ಒಂದರಲ್ಲಿಯೇ ಸೇರಿದವು. ಲಕ್ಷಾಂತರ ವರ್ಷ ಮಣ್ಣಿನಲ್ಲಿದ್ದ ಚಿಪ್ಪುಗಳಿಗೆ ಈ ಪರೀಕ್ಷೆ ಒದಗುವುದಿಲ್ಲ. ಅಲ್ಲಿ ಆಕಾರವೇ ಮುಖ್ಯ ಸಾಕ್ಷಿ.

ಆದರೂ ಚಿಪ್ಪು ಪೂರ್ತಿ ಮೂಕವಲ್ಲ. ಹಗಲಿನ ಬೆಳಕಿನಲ್ಲಿ ಬಿಳಿಚಿಕೊಂಡು ಕಾಣುವ ಹಳೆಯ ಚಿಪ್ಪಿನ ಮೇಲೆ ನೇರಳಾತೀತ ಕಿರಣ ಬೀರಿದರೆ, ಒಮ್ಮೆ ಬಣ್ಣವಿದ್ದ ಭಾಗಗಳು ಹೊಳೆಯುತ್ತವೆ. ಡೊಮಿನಿಕನ್ ಗಣರಾಜ್ಯದ ಪಳೆಯುಳಿಕೆಗಳನ್ನು ಹೀಗೆ ಬೆಳಗಿಸಿದ ಹೆಂಡ್ರಿಕ್ಸ್ 2015ರಲ್ಲಿ 28 ಪ್ರಭೇದಗಳ ಬಣ್ಣದ ವಿನ್ಯಾಸಗಳನ್ನು ವಿವರಿಸಿದರು. ಅವುಗಳಲ್ಲಿ 13 ಹೊಸವು. ‘ಕೋನಸ್ ಕಾರ್ಲೋಟೇ’ ಎಂದು ಹೆಸರು ಪಡೆದ ಒಂದರ ಮೈಮೇಲೆ ದೊಡ್ಡ ದುಂಡು ಚುಕ್ಕೆಗಳಿದ್ದವು. ಇಂದಿನ ಶಂಕುಬಸವನಹುಳುಗಳಲ್ಲಿ ಅಂಥ ಚುಕ್ಕೆ ಕಂಡುಬಂದಿಲ್ಲ.