ಬೇಗ ಹುಟ್ಟಿದ ಮಗು, ಆಂಟಿಬಯಾಟಿಕ್ ಮತ್ತು ಕಿಡ್ನಿ



ಬಾಣಂತನಕ್ಕೆಂದು ಇಲ್ಲಿಗೆ ಬಂದ ಅಜ್ಜಿ-ತಾತಂದಿರು ಶಿಬಿರದಲ್ಲಿ ಬಿ.ಪಿ., ಶುಗರ್ ತೋರಿಸಿಕೊಂಡ ಮೇಲೆ ಮೆಲ್ಲಗೆ ಕೇಳುವುದುಂಟು: "ಡಾಕ್ಟ್ರೇ, ಮೊಮ್ಮಗು ಏಳು ತಿಂಗಳಿಗೇ ಹುಟ್ಟಿತು. ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್ ಕೊಡ್ತಿದ್ದಾರೆ. ಕಿಡ್ನಿ ಹಾಳಾಗುತ್ತಂತೆ, ಬೇಡ ಅನ್ನೋಣವಾ?"

ದಯವಿಟ್ಟು ಬೇಡ ಅನ್ನಬೇಡಿ. ಇಂಥ ಮಗುವಿನ ರಕ್ತಕ್ಕೆ ಸೋಂಕು ತಗುಲಿದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ. ಅದಕ್ಕೇ ಅನುಮಾನ ಬಂದ ಕೂಡಲೇ ಕಲ್ಚರ್‌ಗೆ ರಕ್ತ ತೆಗೆದು, ರಿಪೋರ್ಟ್‌ಗೆ ಕಾಯದೆ ಔಷಧಿ ಶುರು ಮಾಡುತ್ತಾರೆ. ಸಾಮಾನ್ಯವಾಗಿ ಆಂಪಿಸಿಲಿನ್ ಜೊತೆಗೆ ಜೆಂಟಾಮೈಸಿನ್.

ಹಾಗಂತ ನಿಮ್ಮ ಆತಂಕ ಸುಳ್ಳಲ್ಲ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿರುತ್ತವೆ. ಇವೇ ರಕ್ತ ಸೋಸುವ ಪುಟ್ಟ ಜರಡಿಗಳು. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಕೆಲಸ ಮುಗಿಯುವುದು ಸುಮಾರು 36ನೇ ವಾರಕ್ಕೆ. 28 ವಾರಕ್ಕೆ ಹುಟ್ಟಿದ ಮಗುವಿನ ಕಿಡ್ನಿ ಇನ್ನೂ ಕಟ್ಟುತ್ತಿರುವ ಮನೆ ಇದ್ದಂತೆ. ಜೆಂಟಾಮೈಸಿನ್ ಹೊರಹೋಗುವುದು ಕಿಡ್ನಿಯ ಮೂಲಕವೇ. ಹೋಗುವಾಗ ಸ್ವಲ್ಪ ಭಾಗ ನೆಫ್ರಾನ್‌ನ ನಾಳದ ಜೀವಕೋಶಗಳಲ್ಲಿ ಉಳಿಯುತ್ತದೆ. ಅದು ಹೆಚ್ಚಾದರೆ ಆ ಜೀವಕೋಶಗಳಿಗೆ ಪೆಟ್ಟು. ಹೆಚ್ಚಿನ ಮಕ್ಕಳಲ್ಲಿ ಔಷಧಿ ನಿಲ್ಲಿಸಿದ ಮೇಲೆ ಇದು ಸರಿಹೋಗುತ್ತದೆ. ಬಹಳ ದಿನ ಕೊಟ್ಟಾಗ, ಅಥವಾ ವ್ಯಾಂಕೋಮೈಸಿನ್, ಐಬುಪ್ರೊಫೆನ್, ಫ್ಯೂರೋಸೆಮೈಡ್‌ನಂಥ ಔಷಧಿ ಜೊತೆಗೂಡಿದಾಗ ಅಪಾಯ ಹೆಚ್ಚು.

ಆದ್ದರಿಂದಲೇ ಡಾಕ್ಟರು ಮಗುವಿನ ತೂಕ, ಹುಟ್ಟಿದ ವಾರ, ವಯಸ್ಸು ನೋಡಿ ಡೋಸ್ ಲೆಕ್ಕ ಹಾಕುತ್ತಾರೆ. ತೀರಾ ಪುಟ್ಟ ಮಗುವಿಗೆ ಎರಡು ಡೋಸ್‌ಗಳ ನಡುವೆ 36 ಅಥವಾ 48 ಗಂಟೆ ಬಿಡುವುದೂ ಉಂಟು. ನರ್ಸ್ ಡೈಪರ್ ತೂಗುವುದು ಮೂತ್ರ ಎಷ್ಟಾಯಿತೆಂದು ತಿಳಿಯಲು.

ನೀವು ಧೈರ್ಯವಾಗಿ ಕೇಳಬಹುದಾದ ಪ್ರಶ್ನೆಗಳು:
• ಕಲ್ಚರ್ ರಿಪೋರ್ಟ್ ಏನು ಬಂತು? ಔಷಧಿ ಇನ್ನೆಷ್ಟು ದಿನ?
• ರಕ್ತದಲ್ಲಿ ಔಷಧಿಯ ಮಟ್ಟ ನೋಡಿದಿರಾ?
• ಕ್ರಿಯಾಟಿನಿನ್ ಇಳಿಯುತ್ತಿದೆಯೇ? (ಮೊದಲ ಕೆಲವು ದಿನ ಅದು ತಾಯಿಯ ಮಟ್ಟವನ್ನೇ ತೋರಿಸುತ್ತದೆ, ಒಂದೇ ಸಂಖ್ಯೆ ನೋಡಿ ಗಾಬರಿಯಾಗಬೇಡಿ.)

ಮನೆಗೆ ಬಂದ ಮೇಲೆ:
• ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ಕೊಡಬೇಡಿ.
• ಬಜೆ, ಜಾಯಿಕಾಯಿ ತೇದು ನೆಕ್ಕಿಸುವುದು, ಊರಿನಿಂದ ತಂದ ಭಸ್ಮ ಕೊಡುವುದು ಬೇಡ. ಅಜ್ಜಿಯಂದಿರು ಕ್ಷಮಿಸಬೇಕು!
• 32 ವಾರಕ್ಕೆ ಮುಂಚೆ ಹುಟ್ಟಿದ ಮಕ್ಕಳಿಗೆ ಮೂರು ವರ್ಷ ತುಂಬುವ ಮೊದಲೇ ಬಿ.ಪಿ. ನೋಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿದೆ. ನೋಡದಿದ್ದರೆ ನೀವೇ ನೆನಪಿಸಿ.
• ಡಿಸ್‌ಚಾರ್ಜ್ ಸಮ್ಮರಿಯ ಒಂದು ಪ್ರತಿ ಪಾಸ್‌ಪೋರ್ಟ್ ಜೊತೆ ಇಡಿ. ರಜೆಗೆ ಊರಿಗೆ ಹೋದಾಗ ಅಲ್ಲಿನ ಡಾಕ್ಟರಿಗೂ ತೋರಿಸಿ.

ನೆಫ್ರಾನ್ ಕಡಿಮೆಯಿರುವವರಿಗೆ ದೊಡ್ಡವರಾದ ಮೇಲೆ ಬಿ.ಪಿ. ಏರುವ ಸಂಭವ ಹೆಚ್ಚು. ಮಗು ದುಂಡಗೆ ಬೆಳೆದು ಓಡಾಡತೊಡಗಿದ ಮೇಲೆ "ಬೇಗ ಹುಟ್ಟಿತ್ತು" ಎನ್ನುವುದು ನಮಗೆ ಮರೆತೇ ಹೋಗುತ್ತದೆ. ಕಿಡ್ನಿ ಮರೆಯುವುದಿಲ್ಲ. ಆ ಒಂದು ಮಾತನ್ನು ಪ್ರತಿ ಹೊಸ ಡಾಕ್ಟರಿಗೂ ಹೇಳಿ. ಮಗು ದೊಡ್ಡದಾದ ಮೇಲೆ ಅದಕ್ಕೂ ಹೇಳಿಕೊಡಿ.

ಇದು ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಮಗುವಿನ ವಿಷಯದಲ್ಲಿ ಅದರ ಡಾಕ್ಟರ ಮಾತೇ ಕೊನೆ.