ಮೂಗು ಕಟ್ಟಿದ ಮಗುವೂ ಮಂದವೆನಿಸಿಕೊಂಡ ಮಗುವೂ

ಯಾವ ಪಾಠಶಾಲೆಯ ಕೆಳಗಿನ ತರಗತಿಗಳನ್ನು ನೋಡಿದರೂ ಸದಾ ಬಾಯಿ ತೆರೆದುಕೊಂಡು ಕುಳಿತಿರುವ ಒಂದೆರಡು ಮಕ್ಕಳು ಕಾಣಸಿಗುವರು. ಇವರ ಮೂಗಿನಿಂದ ಸಿಂಬಳವು ನಿಲ್ಲದು. ಕರೆದರೆ ಒಂದೇ ಕರೆಗೆ ಓಗೊಡರು. ಪ್ರಶ್ನೆ ಕೇಳಿದರೆ ಪಕ್ಕದವಳ ಮುಖವನ್ನು ನೋಡುವರು. ಇಂಥ ಮಗುವನ್ನು ಮನೆಯಲ್ಲಿ ಸೋಮಾರಿಯೆಂದೂ ಶಾಲೆಯಲ್ಲಿ ಮಂದಬುದ್ಧಿಯೆಂದೂ ಕರೆಯುವುದುಂಟು. ಆದರೆ ಇವರಲ್ಲಿ ಕೆಲವರ ದೋಷವು ಬುದ್ಧಿಯಲ್ಲಿರುವುದಿಲ್ಲ. ಮೂಗಿನ ಹಿಂದೆ, ನಮ್ಮ ಕಣ್ಣಿಗೆ ಕಾಣದ ಸ್ಥಳದಲ್ಲಿರುವ ಒಂದು ಸಣ್ಣ ಮಾಂಸದ ಮುದ್ದೆಯಲ್ಲಿರುವುದು. ಇದನ್ನು ವೈದ್ಯರು ಅಡಿನಾಯ್ಡ್ ಎಂದು ಕರೆಯುವರು. ನಮ್ಮ ಶಾಲೆಯಲ್ಲಿ ಕಲಿತು ಈಗ ತಾಯಂದಿರೂ ಅಜ್ಜಿಯರೂ ಉಪಾಧ್ಯಾಯಿನಿಯರೂ ಆಗಿರುವ ಸೋದರಿಯರಿಗೂ, ತಮ್ಮ ಮಕ್ಕಳನ್ನು ಇಲ್ಲಿಗೆ ಕಳುಹಿಸುತ್ತಿರುವ ತಂದೆತಾಯಿಗಳಿಗೂ ಈ ವಿಷಯವನ್ನು ಸುಲಭವಾದ ಮಾತುಗಳಲ್ಲಿ ತಿಳಿಸುವುದು ನಮ್ಮ ಉದ್ದೇಶ.

ನಾವು ಉಸಿರೆಳೆದ ಗಾಳಿಯು ಮೂಗಿನ ಎರಡು ಹೊಳ್ಳೆಗಳ ಮೂಲಕ ಒಳಹೊಕ್ಕು, ಕಿರುನಾಲಗೆಯ ಮೇಲ್ಗಡೆಯಿರುವ ಒಂದು ಚಿಕ್ಕ ಕೋಣೆಯನ್ನು ಸೇರಿ, ಅಲ್ಲಿಂದ ಗಂಟಲಿಗೆ ಇಳಿಯುವುದು. ಆ ಕೋಣೆಯ ಮಾಳಿಗೆಗೂ ಹಿಂಗೋಡೆಗೂ ಅಂಟಿಕೊಂಡು ಅಡಿನಾಯ್ಡ್ ಇರುವುದು. ಬಾಯಿ ತೆರೆದರೆ ಗಂಟಲಿನ ಎರಡು ಪಕ್ಕಗಳಲ್ಲಿ ಕಾಣುವ ಟಾನ್ಸಿಲ್‌ಗಳ ಜಾತಿಗೇ ಇದೂ ಸೇರಿದುದು. ನಮ್ಮ ದುರ್ಗದ ಕೋಟೆಯಲ್ಲಿ ಬಾಗಿಲು ಬಾಗಿಲಿಗೂ ಕಾವಲಿರುತ್ತಿದ್ದಂತೆ, ಉಸಿರಿನೊಡನೆಯೂ ಆಹಾರದೊಡನೆಯೂ ಬರುವ ರೋಗಾಣುಗಳನ್ನು ಗುರುತಿಸಿ ತಡೆಯುವ ಕೆಲಸ ಇವುಗಳದು. ಆದುದರಿಂದ ಅಡಿನಾಯ್ಡ್ ಎಂಬುದು ರೋಗದ ಹೆಸರಲ್ಲ. ಎಲ್ಲ ಮಕ್ಕಳಿಗೂ ಅದು ಇದ್ದೇ ಇರುವುದು. ಶೈಶವದಿಂದ ಬೆಳೆಯುತ್ತ ಸುಮಾರು ೩ ರಿಂದ ೭ ವರ್ಷದ ನಡುವೆ ಅದು ಅತ್ಯಂತ ದೊಡ್ಡದಾಗಿದ್ದು, ಅನಂತರ ಕ್ರಮವಾಗಿ ಕುಗ್ಗಿ, ಹರೆಯ ಬರುವ ವೇಳೆಗೆ ಬಹುಮಟ್ಟಿಗೆ ಇಲ್ಲವಾಗುವುದು. ಮೇಲಿಂದ ಮೇಲೆ ನೆಗಡಿಯಾದರೆ, ಅಥವಾ ಧೂಳು ಹೊಗೆಗಳು ಒಗ್ಗದ ಮೈಯಾದರೆ, ಅದು ಊದಿ ದಾರಿಯನ್ನೇ ಮುಚ್ಚುವುದು. ಕಾವಲುಗಾರನೇ ಬಾಗಿಲಿಗೆ ಅಡ್ಡ ನಿಂತಂತಾಗುವುದು.

ಈ ಸಂಗತಿಯನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವರು ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದ ವೈದ್ಯರಾದ ವಿಲ್ಹೆಲ್ಮ್ ಮೇಯರ್ ಎಂಬವರು. ಕಿವಿ ಮಂದವಾಗಿಯೂ ಮಾತು ಅಸ್ಪಷ್ಟವಾಗಿಯೂ ಇದ್ದವರ ಮೂಗಿನ ಹಿಂಭಾಗವನ್ನು ಪರೀಕ್ಷಿಸಿ, ಅಲ್ಲಿ ಬೆಳೆದಿರುವ ಮೆತ್ತನೆಯ ಗಂಟೇ ಇದಕ್ಕೆ ಕಾರಣವೆಂದು ಅವರು ೧೮೬೮ರಲ್ಲಿ ಲೋಕಕ್ಕೆ ತಿಳಿಸಿದರು. ಅವರು ತೀರಿಕೊಂಡ ಮೇಲೆ ಅನೇಕ ದೇಶಗಳ ಜನರು ಹಣ ಕೂಡಿಸಿ ೧೮೯೮ರಲ್ಲಿ ಅದೇ ನಗರದಲ್ಲಿ ಅವರ ಸ್ಮಾರಕವನ್ನು ನಿಲ್ಲಿಸಿದರು. ಮೂಗಿಗೂ ಕಿವಿಗೂ ಮಾತಿಗೂ ಇರುವ ಸಂಬಂಧವನ್ನು ಕಾಣಿಸಿಕೊಟ್ಟುದೇ ಅವರ ಉಪಕಾರ. ಆ ಸಂಬಂಧವನ್ನು ತಾಯಂದಿರೂ ಅರಿತಿರಬೇಕು.

ಮೂಗಿನ ಹಿಂದಿನ ಆ ಕೋಣೆಯಿಂದ ಎರಡು ಕಿವಿಗಳ ಒಳಭಾಗಕ್ಕೂ ಒಂದೊಂದು ಸಣ್ಣ ನಾಳವು ಹೋಗಿರುವುದು. ಕಿವಿದಮಟೆಯ ಹಿಂದೆ ಗಾಳಿಯಾಡುವುದು ಈ ನಾಳದಿಂದಲೇ. ಮಕ್ಕಳಲ್ಲಿ ಇದು ಗಿಡ್ಡವಾಗಿಯೂ ಹೆಚ್ಚು ಮಟ್ಟಸವಾಗಿಯೂ ಇರುವುದರಿಂದ ಬೇಗನೆ ಕಟ್ಟಿಕೊಳ್ಳುವುದು. ಹಾಗೆ ಕಟ್ಟಿಕೊಂಡಾಗ ದಮಟೆಯ ಹಿಂದೆ ಅಂಟಿನಂಥ ನೀರು ತುಂಬಿ ಕೇಳುವ ಶಕ್ತಿಯು ಕುಂದುವುದು. ಇದರಲ್ಲಿ ವಿಶೇಷವೇನಂದರೆ, ಅನೇಕ ವೇಳೆ ನೋವೂ ಇರದು, ಕೀವೂ ಸೋರದು. ಕಿವಿಯಲ್ಲಿ ಬೆರಳಿಟ್ಟುಕೊಂಡವರಿಗೆ ಕೇಳುವಷ್ಟು ಮಾತ್ರವೇ ಮಗುವಿಗೆ ಕೇಳಿಸುವುದು. ಅದೂ ಒಂದು ವಾರ ಚೆನ್ನಾಗಿ, ಇನ್ನೊಂದು ವಾರ ಮಂದವಾಗಿ. ಇದರಿಂದಲೇ ದೊಡ್ಡವರು, “ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ” ಎಂದು ಮಗುವಿನ ಮೇಲೆ ತಪ್ಪು ಹೊರಿಸುವರು. ಅಕ್ಷರಗಳ ಭೇದವನ್ನು ಕಿವಿಯಿಂದ ಕಲಿಯಬೇಕಾದ ವಯಸ್ಸಿನಲ್ಲಿ ಹೀಗಾದರೆ ಓದಿನಲ್ಲಿಯೂ ಮಾತಿನಲ್ಲಿಯೂ ಮಗು ಹಿಂದೆ ಬೀಳುವುದರಲ್ಲಿ ಆಶ್ಚರ್ಯವೇನು?

ಮಾತಿನಲ್ಲಿಯೂ ಇದರ ಗುರುತು ಕಾಣುವುದು. ‘ಮ’, ‘ನ’ ಎಂಬ ಅಕ್ಷರಗಳ ಧ್ವನಿ ಮೂಗಿನಿಂದ ಹೊರಡಬೇಕು. ಮೂಗು ಮುಚ್ಚಿದ ಮಗುವಿನ ಬಾಯಲ್ಲಿ ‘ಅಮ್ಮ’ ಎಂಬುದು ‘ಅಬ್ಬ’ ಎಂಬಂತೆಯೂ ‘ನಾನು’ ಎಂಬುದು ‘ದಾದು’ ಎಂಬಂತೆಯೂ ಕೇಳಿಸುವುದು. ರಾತ್ರಿಯಲ್ಲಿ ಗುರುತುಗಳು ಇನ್ನೂ ಸ್ಪಷ್ಟ. ಮಗು ಗೊರಕೆ ಹೊಡೆಯುವುದು, ಕುತ್ತಿಗೆಯನ್ನು ಹಿಂದಕ್ಕೆ ಚಾಚಿ ಮಲಗುವುದು, ಹೊರಳಾಡಿ ಬೆವರುವುದು. ಕೆಲವು ಮಕ್ಕಳಲ್ಲಿ ಉಸಿರು ಕೆಲವು ಕ್ಷಣ ನಿಂತು, ಅನಂತರ ಬಿಕ್ಕಿದಂತೆ ಮರಳುವುದು. ನಿದ್ದೆಯು ಹೀಗೆ ತುಂಡಾದರೆ ಹಗಲಿನಲ್ಲಿ ಮಗು ತೂಕಡಿಸುವುದು, ಇಲ್ಲವೆ ಕಾರಣವಿಲ್ಲದೆ ಸಿಡಿಮಿಡಿಗೊಂಡು ಒಂದೆಡೆ ಕೂರದಿರುವುದು. ವರ್ಷಗಟ್ಟಲೆ ಬಾಯಿಂದಲೇ ಉಸಿರಾಡಿದರೆ ಮೇಲ್ದವಡೆಯು ಕಿರಿದಾಗಿ ಹಲ್ಲುಗಳು ಒತ್ತಾಗುವ ಸಂಭವವೂ ಉಂಟು.

ಆದರೆ ಮೂಗು ಕಟ್ಟಿದ ಪ್ರತಿಯೊಂದು ಮಗುವಿಗೂ ಅಡಿನಾಯ್ಡ್ ದೊಡ್ಡದಾಗಿದೆಯೆಂದು ಹೆದರತಕ್ಕದ್ದಲ್ಲ. ಎಳೆಯ ಮಕ್ಕಳಿಗೆ ವರ್ಷಕ್ಕೆ ೬ ರಿಂದ ೮ ಸಲ ನೆಗಡಿಯಾಗುವುದು ಸಹಜವೇ ಸರಿ. ಒಂದೊಂದು ಸಲವೂ ಅದು ೭ ರಿಂದ ೧೦ ದಿನ ಇರುವುದು. ಸಿಂಬಳವು ಹಳದಿಯೋ ಹಸಿರೋ ಆದ ಮಾತ್ರಕ್ಕೆ ಆಂಟಿಬಯಾಟಿಕ್ ಔಷಧ ಬೇಕೆಂದಲ್ಲ. ನೆಗಡಿಯಿಲ್ಲದ ದಿನಗಳಲ್ಲಿಯೂ ಬಾಯಿ ತೆರೆದೇ ಇರುವ ಮಗುವನ್ನು ಮಾತ್ರ ಗಮನಿಸಬೇಕು. ಮನೆಯಲ್ಲಿ ಒಂದು ಸುಲಭ ಪರೀಕ್ಷೆಯುಂಟು. ತಣ್ಣಗಿರುವ ಹೊಳಪಿನ ಸ್ಟೀಲ್ ತಟ್ಟೆಯನ್ನು ಮಗುವಿನ ಮೂಗಿನ ಕೆಳಗೆ ಹಿಡಿದು, ಬಾಯಿ ಮುಚ್ಚಿ ಉಸಿರು ಬಿಡಹೇಳಿರಿ. ಎರಡು ಹೊಳ್ಳೆಗಳಿಂದಲೂ ಆವಿ ಕಟ್ಟಿದರೆ ದಾರಿ ತೆರೆದಿದೆ. ಆವಿ ಕಟ್ಟದಿದ್ದರೆ ಅಡ್ಡಿಯಿದೆ ಎಂದು ತಿಳಿಯಬಹುದು. ಆದರೆ ಅಡ್ಡಿಯು ಯಾವುದೆಂದು ನಿರ್ಣಯಿಸತಕ್ಕವರು ವೈದ್ಯರೇ.

ನಮ್ಮ ಸೀಮೆಯ ಹವೆಯೂ ಮಕ್ಕಳ ಮೂಗಿಗೆ ಅಷ್ಟೇನೂ ಅನುಕೂಲವಾದುದಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಇವೆಲ್ಲ ಮಳೆ ಕಡಮೆಯಾದ ಒಣನೆಲದ ಊರುಗಳು. ಆಷಾಢದ ಗಾಳಿಯು ಇಲ್ಲಿ ಎಷ್ಟು ಬಲವಾದುದೆಂಬುದಕ್ಕೆ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ. ಆ ಗಾಳಿ ಎಬ್ಬಿಸುವ ಕೆಂಧೂಳು, ಅದಿರು ಹೊತ್ತ ಲಾರಿಗಳು ಓಡಾಡುವ ದಾರಿಯ ಧೂಳು, ಸುಗ್ಗಿಯಲ್ಲಿ ಶೇಂಗಾ ಮತ್ತು ಮೆಕ್ಕೆಜೋಳ ಬಿಡಿಸುವಾಗಿನ ಹೊಟ್ಟು, ಇವೆಲ್ಲ ಮಕ್ಕಳ ಮೂಗನ್ನು ಕೆರಳಿಸುವುವು. ಊರ ಗಾಳಿಯನ್ನು ನಾವು ತಡೆಯಲಾರೆವು; ಮನೆಯೊಳಗಿನದನ್ನು ತಡೆಯಬಲ್ಲೆವು. ಬೀಡಿ ಸಿಗರೇಟುಗಳ ಹೊಗೆ, ಸೌದೆ ಒಲೆಯ ಹೊಗೆ, ಸೊಳ್ಳೆಬತ್ತಿಯ ಹೊಗೆ ಇವು ಮಗು ಮಲಗುವ ಕೋಣೆಗೆ ಬಾರದಂತೆ ನೋಡಿಕೊಳ್ಳಬೇಕು. ಎಣ್ಣೆನೀರು ಹಾಕಿದ ಮೇಲೆ ಕೂಸಿಗೆ ಸಾಂಬ್ರಾಣಿಯ ಹೊಗೆ ಹಿಡಿಯುವುದು ನಮ್ಮಲ್ಲಿ ಪ್ರೀತಿಯ ವಾಡಿಕೆಯೇ ಆದರೂ, ಅದೂ ಹೊಗೆಯೇ. ಕೂಸನ್ನು ಬೆಚ್ಚನೆಯ ಒಣಬಟ್ಟೆಯಲ್ಲಿ ಸುತ್ತಿದರೆ ಅದಕ್ಕಿಂತ ಮೇಲು. ಕಸವನ್ನು ಒಣಗುಡಿಸುವ ಬದಲು ಒದ್ದೆಬಟ್ಟೆಯಿಂದ ಒರೆಸುವುದು, ಹಾಸಿಗೆ ದಿಂಬುಗಳನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕುವುದು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಇವು ಖರ್ಚಿಲ್ಲದ ಉಪಾಯಗಳು.

ಮೂಗು ಕಟ್ಟಿದಾಗ ಎಲ್ಲಕ್ಕಿಂತ ನಿರಪಾಯವಾದುದು ಉಪ್ಪುನೀರು. ಔಷಧದ ಅಂಗಡಿಯಲ್ಲಿ ಸಲೈನ್ ಹನಿ ಎಂದು ಕೇಳಿದರೆ ಸಿಗುವುದು. ಮನೆಯಲ್ಲಿ ಮಾಡುವುದಾದರೆ, ಕುದಿಸಿ ಆರಿಸಿದ ಕಾಲು ಲೀಟರು ನೀರಿಗೆ ಅರ್ಧ ಟೀ ಚಮಚಕ್ಕೆ ಮೀರದಂತೆ ಪುಡಿ ಉಪ್ಪು ಬೆರೆಸಿ, ಆ ದಿನದ್ದನ್ನು ಆ ದಿನವೇ ಬಳಸಿ ಉಳಿದುದನ್ನು ಚೆಲ್ಲಬೇಕು. ಹಾಲೂಡುವ ಮೊದಲೂ ಮಲಗಿಸುವ ಮೊದಲೂ ಒಂದೊಂದು ಹೊಳ್ಳೆಗೆ ಎರಡು ಮೂರು ಹನಿ ಬಿಟ್ಟು, ಸಡಿಲವಾದ ಸಿಂಬಳವನ್ನು ಮೆತ್ತನೆಯ ಬಟ್ಟೆಯಿಂದ ತೆಗೆಯಬೇಕು. ದೊಡ್ಡ ಮಗುವಿಗೆ ಒಂದು ಹೊಳ್ಳೆಯನ್ನು ಮುಚ್ಚಿ ಇನ್ನೊಂದರಿಂದ ಮೆಲ್ಲನೆ ಸೀನಿ ತೆಗೆಯುವುದನ್ನು ಕಲಿಸಬೇಕು.

ಇನ್ನು ಮಾಡಬಾರದ ಕೆಲವು ಕೆಲಸಗಳಿವೆ. ಕೂಸಿನ ಮೂಗಿಗೆ ಎಣ್ಣೆ ಬಿಡಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಆಗಬಹುದು. ಕರ್ಪೂರವನ್ನು ಮೂಗಿಗೆ ಹಚ್ಚುವುದೂ ಮಗುವಿನ ಕೈಗೆ ಸಿಕ್ಕುವಂತೆ ಇಡುವುದೂ ಅಪಾಯ. ಸ್ವಲ್ಪವೇ ನುಂಗಿದರೂ ಎಳೆಯ ಮಕ್ಕಳಿಗೆ ಸೆಳವು ಬರುವುದುಂಟು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಹಬೆ ಕೊಡಲು ಹೋಗಿ ಮೈ ಸುಟ್ಟುಕೊಂಡ ಸಂದರ್ಭಗಳು ಬಹಳ. ಮೂಗನ್ನು ತಟ್ಟನೆ ತೆರೆಯುವ ಹನಿಗಳನ್ನು ವೈದ್ಯರು ಹೇಳದೆ ಹಾಕಬಾರದು. ದಿನಗಟ್ಟಲೆ ಹಾಕಿದರೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟುವುದು. ಅಂಗಡಿಯಲ್ಲಿ ಕೇಳಿ ತಂದ ನೆಗಡಿ ಕೆಮ್ಮಿನ ಸಿರಪ್ಪುಗಳ ವಿಷಯದಲ್ಲಿಯೂ ಎಚ್ಚರವಿರಲಿ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಕೂಡಿದ ಔಷಧವನ್ನು ೪ ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಭಾರತದ ಔಷಧ ನಿಯಂತ್ರಕರು ೨೦೨೩ರ ಡಿಸೆಂಬರಿನಲ್ಲಿ ಸೂಚಿಸಿದರು. ನೆಗಡಿ ಕೆಮ್ಮಿನ ಔಷಧಗಳನ್ನು ೨ ವರ್ಷದೊಳಗಿನವರಿಗೆ ಕೊಡಬಾರದೆಂದೂ, ೫ ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲ್ಲದೆಂದೂ ಕೇಂದ್ರ ಆರೋಗ್ಯ ಇಲಾಖೆಯು ೨೦೨೫ರ ಅಕ್ಟೋಬರಿನಲ್ಲಿ ತಿಳಿಸಿತು.

ಕೆಲವು ಗುರುತುಗಳು ಕಂಡರೆ ಕಾಯುವುದು ಸಲ್ಲದು. ಎದೆಹಾಲು ಕುಡಿಯಲಾರದಷ್ಟು ಕೂಸಿನ ಮೂಗು ಕಟ್ಟಿದ್ದರೆ, ತುಟಿ ನೀಲಿಗಟ್ಟಿದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದರೆ ಅದನ್ನೂ ತಡಮಾಡದೆ ತೋರಿಸಬೇಕು. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ ಮಗು ಶೇಂಗಾ ಬೀಜವನ್ನೋ ಹುಣಿಸೆಬೀಜವನ್ನೋ ಮಣಿಯನ್ನೋ ಒಳಗೆ ತೂರಿಸಿಕೊಂಡಿರಬಹುದು. ಅದನ್ನು ಮನೆಯಲ್ಲಿ ಕಡ್ಡಿಯಿಂದ ಕೀಳಬಾರದು. ಆಟಿಕೆಯ ಗುಂಡಿಯಂಥ ಸಣ್ಣ ಬ್ಯಾಟರಿ ಹೊಕ್ಕಿದ್ದರಂತೂ ಕೆಲವೇ ಗಂಟೆಗಳಲ್ಲಿ ಮೂಗಿನ ಒಳಗೋಡೆ ಸುಟ್ಟುಹೋಗುವುದು.

ಗೊರಕೆ, ತೆರೆದ ಬಾಯಿ, ಕಿವಿಮಂದ ಇವು ತಿಂಗಳುಗಟ್ಟಲೆ ಇದ್ದರೆ ಕಿವಿ ಮೂಗು ಗಂಟಲಿನ ವೈದ್ಯರನ್ನು ಕಾಣಬೇಕು. ಮಗು ಮಲಗಿರುವಾಗಿನ ಉಸಿರಾಟವನ್ನು ಮೊಬೈಲಿನಲ್ಲಿ ಒಂದೆರಡು ನಿಮಿಷ ಚಿತ್ರಿಸಿಕೊಂಡು ಹೋದರೆ ಅವರಿಗೆ ಬಹಳ ಸಹಾಯವಾಗುವುದು. ಅವರು ಸಣ್ಣ ದುರ್ಬೀನಿನಿಂದಲೋ ಎಕ್ಸ್-ರೇಯಿಂದಲೋ ಅಡಿನಾಯ್ಡಿನ ಗಾತ್ರವನ್ನು ನೋಡುವರು. ಕೇಳುವ ಶಕ್ತಿಯನ್ನು ಅಳೆಯಿಸುವರು. ತೊಂದರೆ ಅಲ್ಪವಾಗಿದ್ದರೆ, ವಯಸ್ಸಿನೊಡನೆ ಅದು ಕುಗ್ಗುವುದೆಂಬ ಭರವಸೆಯಿಂದ ಕಾಯುವುದೂ ಒಂದು ಚಿಕಿತ್ಸೆಯೇ. ಅಲರ್ಜಿಯಿದ್ದರೆ ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧವನ್ನು ಕೆಲವು ವಾರಗಳ ಕಾಲ ಕೊಡುವುದುಂಟು. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರಿ ನಾಲ್ಕು ದಿನಕ್ಕೆ ನಿಲ್ಲಿಸಿದರೆ ಫಲವಿಲ್ಲ. ವೈದ್ಯರು ಹೇಳಿದಷ್ಟು ಕಾಲ, ಹೇಳಿದಷ್ಟೇ ಹಾಕಬೇಕು. ಕಿವಿಯೊಳಗೆ ನೀರು ತುಂಬಿದ್ದರೆ ಸಾಮಾನ್ಯವಾಗಿ ೩ ತಿಂಗಳು ನೋಡಿ, ಅನಂತರ ಮುಂದಿನ ದಾರಿಯನ್ನು ನಿಶ್ಚಯಿಸುವರು.

ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೆ, ಅಥವಾ ಕಿವಿಮಂದವು ಬಿಡದೆ ಇದ್ದರೆ, ಶಸ್ತ್ರಚಿಕಿತ್ಸೆಯನ್ನು ಸೂಚಿಸುವರು. ಮಗುವಿಗೆ ಮತ್ತು ಬರಿಸಿ ಬಾಯಿಯ ಮೂಲಕವೇ ಅಡಿನಾಯ್ಡನ್ನು ತೆಗೆಯುವುದರಿಂದ ಹೊರಗೆ ಗಾಯದ ಗುರುತು ಇರದು. ಬಹುಮಟ್ಟಿಗೆ ಅದೇ ದಿನ ಅಥವಾ ಮರುದಿನ ಮನೆಗೆ ಬರಬಹುದು. ಸಣ್ಣ ಗಾಯಕ್ಕೂ ಬಹಳ ಹೊತ್ತು ರಕ್ತ ಸುರಿಯುವ ಸ್ವಭಾವವು ಮಗುವಿನಲ್ಲಾಗಲಿ ಮನೆತನದಲ್ಲಾಗಲಿ ಇದ್ದರೆ, ಅಥವಾ ಅಂಗುಳಿನಲ್ಲಿ ಸೀಳಿದ್ದರೆ, ಮುಂಚಿತವಾಗಿಯೇ ತಿಳಿಸಬೇಕು. ಮನೆಗೆ ಬಂದ ಮೇಲೆ ರಕ್ತ ಕಂಡರೆ ಕೂಡಲೆ ಆಸ್ಪತ್ರೆಗೆ ಮರಳಬೇಕು. ಇದನ್ನು ತೆಗೆದರೆ ರೋಗವನ್ನು ತಡೆಯುವ ಶಕ್ತಿಯೇ ಹೋಗುವುದೆಂಬ ಅಂಜಿಕೆ ಅನೇಕರಲ್ಲಿದೆ. ದೇಹದಲ್ಲಿ ಇಂಥ ಕಾವಲು ಬೇರೆಡೆಗಳಲ್ಲಿಯೂ ಇರುವುದರಿಂದ ಹಾಗೆ ಹೇಳುವುದು ಸರಿಯಲ್ಲ. ಆದರೆ ಡೆನ್ಮಾರ್ಕಿನ ಸುಮಾರು ೧೨ ಲಕ್ಷ ಮಕ್ಕಳ ದಾಖಲೆಗಳನ್ನು ನೋಡಿ ೨೦೧೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಇದನ್ನು ತೆಗೆಸಿದವರಲ್ಲಿ ಮುಂದೆ ಕೆಲವು ಶ್ವಾಸದ ಕಾಯಿಲೆಗಳು ಹೆಚ್ಚಾಗಿ ಕಂಡುಬಂದುವು. ತೆಗೆದುದೇ ಅದಕ್ಕೆ ಕಾರಣವೆಂದು ಅದರಿಂದ ಸಿದ್ಧವಾಗದಿದ್ದರೂ, ಅವಶ್ಯವಿದ್ದಲ್ಲಿ ಮಾತ್ರ ತೆಗೆಸಬೇಕೆಂಬ ವಿವೇಕವನ್ನು ಅದು ಬಲಪಡಿಸುವುದು.

ಖರ್ಚಿಗೆ ಅಂಜಿ ಸುಮ್ಮನಿರುವ ಕಾರಣವಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ೨೦೧೩ರಲ್ಲಿ ಆರಂಭವಾಯಿತು. ಅದರ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುವುವು. ಕಿವಿಯ ಸೋರಿಕೆಯೂ ಕಿವುಡೂ ಅವರು ನೋಡತಕ್ಕ ದೋಷಗಳಲ್ಲಿ ಸೇರಿವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ತೋರಿಸಿ, ಅಲ್ಲಿಂದ ಚೀಟಿ ಪಡೆದು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಬರಬಹುದು. ಹೆಣ್ಣುಮಗುವಲ್ಲವೇ, ದೊಡ್ಡವಳಾದ ಮೇಲೆ ನೋಡೋಣವೆಂದು ಮುಂದಕ್ಕೆ ಹಾಕುವ ಮನೆಗಳು ಇನ್ನೂ ಉಂಟು. ದೊಡ್ಡವಳಾಗುವ ವೇಳೆಗೆ ಅಡಿನಾಯ್ಡ್ ಕುಗ್ಗಿರಬಹುದು; ಆದರೆ ಒಂದನೆಯ ಎರಡನೆಯ ತರಗತಿಗಳಲ್ಲಿ ಕಿವಿಗೆ ಬೀಳದೆ ಹೋದ ಪಾಠಗಳು ತಾವಾಗಿ ಮರಳಿ ಬರಲಾರವು.

ಉಪಾಧ್ಯಾಯಿನಿಯರಾಗಿರುವ ಸೋದರಿಯರಲ್ಲಿ ನಮ್ಮದೊಂದು ಕೋರಿಕೆ. ಬಾಯಿ ತೆರೆದು ಕುಳಿತ ಮಗುವನ್ನು ಮುಂದಿನ ಬೆಂಚಿಗೆ ಕರೆಯಿರಿ. ನಿಮ್ಮ ಮುಖ ಅದಕ್ಕೆ ಕಾಣುವಂತೆ ನಿಂತು ಪಾಠ ಹೇಳಿರಿ. ಒಂದು ದಿನ ಅದರ ಬೆನ್ನ ಹಿಂದೆ ನಿಂತು ಮೆಲುದನಿಯಲ್ಲಿ ಹೆಸರು ಹಿಡಿದು ಕೂಗಿ ನೋಡಿರಿ. ತಿರುಗಿ ನೋಡದಿದ್ದರೆ ಗದರಿಸದೆ ಅದರ ತಾಯಿಯನ್ನು ಕರೆಸಿ, ಕಿವಿಯನ್ನೂ ಮೂಗನ್ನೂ ಪರೀಕ್ಷೆ ಮಾಡಿಸುವಂತೆ ಹೇಳಿರಿ. ಮಂದಬುದ್ಧಿಯೆಂಬ ಮಾತನ್ನು ಆ ಪರೀಕ್ಷೆ ಮುಗಿಯುವ ತನಕ ಯಾರೂ ಆಡದಿರಲೆಂಬುದೇ ನಮ್ಮ ಪ್ರಾರ್ಥನೆ.