ವಾಕ್ಯದಾಗ ಎಲ್ಲೈತೆ, ತೋರ್ಸು

ನಮ್ಮ ಮಾವನ ಹತ್ತಿರ ಯಾವ ವಿಷಯ ಎತ್ತಿದರೂ ಕೊನೆಗೆ ಬರುವ ಮಾತು ಒಂದೇ: "ವಾಕ್ಯದಾಗ ಎಲ್ಲೈತೆ, ತೋರ್ಸಮ್ಮಾ." ವಾಕ್ಯ ಅಂದರೆ ಬೈಬಲ್. ಕ್ರಿಸ್ಮಸ್ಸಿಗೆ ಬಾಗಿಲಲ್ಲಿ ನಕ್ಷತ್ರ ತೂಗುಹಾಕುವುದು ವಾಕ್ಯದಲ್ಲಿಲ್ಲ, ಆದ್ದರಿಂದ ನಮ್ಮ ಮನೆಯಲ್ಲಿ ನಕ್ಷತ್ರವಿಲ್ಲ. ಪಾದ್ರಿಯ ಬಿಳಿ ನಿಲುವಂಗಿ ವಾಕ್ಯದಲ್ಲಿಲ್ಲ, ಸಭೆಯಲ್ಲಿ ಪಾದ್ರಿಯೇ ಇಲ್ಲ. ಆಂಧ್ರದ ಅನಂತಪುರ ಜಿಲ್ಲೆಯ ಸೆಟ್ಟೂರು ಕಡೆಯ ಸಹೋದರರ ಸಭೆಯೊಂದಕ್ಕೆ ಮಾವ ಹಿರಿಯರು. ಭಾನುವಾರ ಬೆಳಿಗ್ಗೆ ಚಾಪೆಯ ಮೇಲೆ ಕೂರುತ್ತೇವೆ. ಗಂಡಸರಲ್ಲಿ ಯಾರಿಗೆ ಪ್ರೇರಣೆಯಾಗುತ್ತದೋ ಅವರು ಎದ್ದು ಒಂದು ಅಧ್ಯಾಯ ಓದುತ್ತಾರೆ, ತೆಲುಗಿನಲ್ಲೋ ಕನ್ನಡದಲ್ಲೋ, ಬಾಯಿಗೆ ಬಂದದ್ದರಲ್ಲಿ ಪ್ರಾರ್ಥಿಸುತ್ತಾರೆ. ಆಮೇಲೆ ರೊಟ್ಟಿ ಮುರಿಯುತ್ತಾರೆ. ಅಚ್ಚು ಹಾಕಿಸಿದ ಆರಾಧನಾ ಪುಸ್ತಕ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲಿ, ದಕ್ಷಿಣ ಭಾರತ ಸಭೆ ಅಂದರೆ ಸಿಎಸ್‌ಐ ಸಭೆಯಲ್ಲಿ. ಅಲ್ಲಿ ವಾರವಾರ ಎಲ್ಲರೂ ಎದ್ದುನಿಂತು ಒಕ್ಕೊರಲಿನಿಂದ ಅಪೊಸ್ತಲರ ವಿಶ್ವಾಸ ಪ್ರಮಾಣ ಹೇಳುತ್ತಿದ್ದೆವು. ತಂದೆಯಾದ ದೇವರು, ಮಗನಾದ ಯೇಸು, ಪವಿತ್ರಾತ್ಮ, ಸಭೆ, ಪಾಪಕ್ಷಮೆ, ಪುನರುತ್ಥಾನ ಎಲ್ಲವೂ ಒಂದೆರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಅದರ ಮಾತು ತೆಗೆದಾಗ ಮಾವ ಕೇಳಿದ್ದೂ ಅದೇ ಪ್ರಶ್ನೆ. ನಾನು ಒಂದೊಂದು ಸಾಲಿಗೂ ವಚನ ತೋರಿಸುತ್ತಾ ಹೋದೆ. "ವಚನ ಐತಲ್ಲ, ಮತ್ತೆ ಈ ಪ್ರಮಾಣ ಯಾಕೆ?" ಅಂದರು. ಅವತ್ತಿನಿಂದ ನಮ್ಮಿಬ್ಬರ ವಾದ ಮುಗಿದಿಲ್ಲ. ಶೇಂಗಾ ಸುಲಿಯುವ ದಿನಗಳಲ್ಲಂತೂ ಸಂಜೆಯೆಲ್ಲ ನಡೆಯುತ್ತದೆ.

ವಚನಗಳಿದ್ದರೂ ಪ್ರಮಾಣ ಯಾಕೆ ಬೇಕಾಯಿತು ಅನ್ನುವುದಕ್ಕೆ 325ನೇ ಇಸವಿಗೆ ಹೋಗಬೇಕು. ಈಗಿನ ತುರ್ಕಿಯ ಇಜ್ನಿಕ್, ಆಗಿನ ನೈಸಿಯಾ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್ಪರನ್ನೆಲ್ಲ ಅಲ್ಲಿಗೆ ಕರೆಸಿದ. ಜಗಳಕ್ಕೆ ಕಾರಣ ಅಲೆಕ್ಸಾಂಡ್ರಿಯಾದ ಆರಿಯಸ್ ಎಂಬ ಸಭಾ ಹಿರಿಯ. ಮಗನು ದೇವರ ಸೃಷ್ಟಿಗಳಲ್ಲೇ ಮೊದಲನೆಯವನು, ದೇವರಿಗೆ ಸಮನಲ್ಲ ಎಂದು ಅವನ ವಾದ. ಅವನೇನೂ ವಾಕ್ಯ ಬಿಟ್ಟು ಮಾತಾಡುತ್ತಿರಲಿಲ್ಲ. ಜ್ಞಾನೋಕ್ತಿಗಳ ಎಂಟನೇ ಅಧ್ಯಾಯ ತೆಗೆಯುತ್ತಿದ್ದ, ತಂದೆಯು ತನಗಿಂತ ದೊಡ್ಡವನೆಂದು ಯೇಸು ಯೋಹಾನನ ಸುವಾರ್ತೆಯಲ್ಲಿ ಹೇಳಿರುವುದನ್ನು ತೋರಿಸುತ್ತಿದ್ದ. ಎದುರು ಪಕ್ಷದವರು ಅದೇ ಯೋಹಾನನ ಮೊದಲ ಅಧ್ಯಾಯ ತೆಗೆಯುತ್ತಿದ್ದರು. ಎರಡೂ ಕಡೆ ವಚನಗಳು. ಯಾವ ವಚನ ಮುಂದಿಟ್ಟರೂ ಆರಿಯಸ್ಸಿನವರು "ಹೌದು, ನಮಗೂ ಒಪ್ಪಿಗೆ" ಎಂದು ತಮ್ಮ ಅರ್ಥವನ್ನೇ ಅದಕ್ಕೆ ಹಚ್ಚುತ್ತಿದ್ದರು. ಕೊನೆಗೆ ಮಗನು ತಂದೆಯೊಡನೆ ಏಕತತ್ವದವನು ಎಂಬ ಮಾತನ್ನು ಪ್ರಮಾಣದೊಳಗೆ ಸೇರಿಸಲಾಯಿತು. ಆ ಪದ ಬೈಬಲಿನಲ್ಲಿ ಎಲ್ಲೂ ಇಲ್ಲ. ಆರಿಯಸ್ಸನನ್ನು ಒಪ್ಪದ ಬಿಷಪ್ಪರಲ್ಲೂ ಹಲವರಿಗೆ ಇದು ಇರಿಸುಮುರಿಸು ತಂದಿತು. ನಮ್ಮ ಮಾವ ಅಲ್ಲಿದ್ದಿದ್ದರೆ ಅವರ ಜೊತೆಯಲ್ಲೇ ಕೂತಿರುತ್ತಿದ್ದರು.

ಆ ಪದದ ಪರವಾಗಿ ಜೀವಮಾನವಿಡೀ ಹೋರಾಡಿದವನು ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್. ಐದು ಸಲ ಗಡಿಪಾರಾದ. ಇನ್ನೊಂದು ವಿಷಯಕ್ಕೂ ಅವನ ಹೆಸರು ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ ಈಗ ನಾವು ಓದುವ 27 ಪುಸ್ತಕಗಳನ್ನು, ಅಷ್ಟನ್ನೇ, ಪಟ್ಟಿ ಮಾಡಿ ಕೊಟ್ಟದ್ದು ನಮಗೆ ಸಿಕ್ಕಿರುವುದರಲ್ಲಿ ಮೊದಲು ಅವನ 367ರ ಈಸ್ಟರ್ ಪತ್ರದಲ್ಲಿ. ಬೈಬಲಿನಲ್ಲಿಲ್ಲದ ಪದಕ್ಕೆ ಜಗಳವಾಡಿದವನ ಕೈಯಿಂದಲೇ ಹೊಸ ಒಡಂಬಡಿಕೆಯ ಪರಿವಿಡಿಯೂ ಬಂದಿದೆ. ಇದನ್ನು ಹೇಳಿದ ಸಂಜೆ ಮಾವ ಬಹಳ ಹೊತ್ತು ಶೇಂಗಾ ಮಾತ್ರ ಸುಲಿದರು.

ಇನ್ನು ಪ್ರಾಟೆಸ್ಟಂಟ್ ಸುಧಾರಕ ಲೂಥರ್. 1521ರಲ್ಲಿ ಜರ್ಮನಿಯ ವೋರ್ಮ್ಸ್ ಪಟ್ಟಣದಲ್ಲಿ ಚಕ್ರವರ್ತಿಯ ಮುಂದೆ ನಿಂತು, ಪೋಪರೂ ತಪ್ಪಬಹುದು, ಮಹಾಸಭೆಗಳೂ ತಪ್ಪಬಹುದು, ವಾಕ್ಯದಿಂದಲೋ ಸ್ಪಷ್ಟ ತರ್ಕದಿಂದಲೋ ತೋರಿಸಿದರೆ ಮಾತ್ರ ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ ಎಂದವನು. 'ಧರ್ಮಗ್ರಂಥ ಮಾತ್ರ' ಎನ್ನುವವರೆಲ್ಲ ಅವನ ಹೆಸರು ಹೇಳುತ್ತಾರೆ. ಆದರೆ 1529ರಲ್ಲಿ ಮಕ್ಕಳಿಗೂ ಮನೆಮಂದಿಗೂ ಅಂತ ಅವನು ಬರೆದ ಪ್ರಶ್ನೋತ್ತರ ಪುಸ್ತಕದಲ್ಲಿ ಅಪೊಸ್ತಲರ ಪ್ರಮಾಣಕ್ಕೆ ಭಾಗಭಾಗವಾಗಿ ವಿವರಣೆ ಇದೆ. ಲೂಥರ್ ಹೇಳಿದ್ದು, ಕೊನೆಯ ತೀರ್ಪು ವಾಕ್ಯದ್ದು ಎಂದು. ಬೇರೇನೂ ಇರಲೇಬಾರದು ಎಂಬುದು ಅವನ ಮಾತಲ್ಲ, ಆಮೇಲಿನದು. 1809ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಥಾಮಸ್ ಕ್ಯಾಂಪ್‌ಬೆಲ್ ಎಂಬ ಬೋಧಕ, ವಾಕ್ಯ ಮಾತಾಡಿದ ಕಡೆ ಮಾತಾಡೋಣ, ಸುಮ್ಮನಿದ್ದ ಕಡೆ ಸುಮ್ಮನಿರೋಣ ಎಂದು ಎಲ್ಲ ಪಂಗಡಗಳನ್ನೂ ಒಂದು ಮಾಡಲು ಹೊರಟ. ಆ ಗುಂಪಿನಿಂದಲೇ, ಆರಾಧನೆಯಲ್ಲಿ ವಾದ್ಯ ನುಡಿಸಬಹುದೇ ಎಂಬಂಥ ಜಗಳಗಳು ಬೆಳೆದು ಒಂದು ಭಾಗ ಸಿಡಿಯಿತು. 1906ರ ಅಲ್ಲಿನ ಧಾರ್ಮಿಕ ಗಣತಿಯಲ್ಲಿ ಅದು ಬೇರೆ ಪಂಗಡವೆಂದೇ ದಾಖಲಾಯಿತು. ನಮ್ಮ ಸಭೆಯಲ್ಲಿ ಡೋಲಕ್ ಇದೆ. ಅದು ವಾಕ್ಯದಲ್ಲಿ ಎಲ್ಲಿದೆ ಎಂದು ಯಾರೂ ಕೇಳಿಲ್ಲ, ನಾನೂ ಕೇಳುವುದಿಲ್ಲ, ಡೋಲಕ್ ನನಗಿಷ್ಟ.

ನಮ್ಮ ಸೀಮೆಗೆ ಈ 'ಧರ್ಮಗ್ರಂಥ ಮಾತ್ರ' ವಿಚಾರ ಬಂದದ್ದು ಎರಡು ದಾರಿಯಲ್ಲಿ. ಒಂದು, ಬಳ್ಳಾರಿಯ ದಾರಿ. ಅನಂತಪುರ ಜಿಲ್ಲೆ 1882ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವೇ ಆಗಿತ್ತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಇಡೀ ಕನ್ನಡ ಬೈಬಲ್ ಅಚ್ಚಾಗಿ ಮುಗಿಯುವಾಗ 1831. ಇಪ್ಪತ್ತು ವರ್ಷ ಒಂದು ಪುಸ್ತಕಕ್ಕೆ ಕೊಟ್ಟ ಈ ಮಿಷನ್ನಿಗೆ ಒಂದು ಮೂಲ ನಿಯಮವಿತ್ತು: ಯಾವ ಪಂಗಡದ ಸಭಾಪದ್ಧತಿಯನ್ನೂ ಹೊತ್ತುಕೊಂಡು ಹೋಗಬಾರದು, ಸುವಾರ್ತೆಯನ್ನಷ್ಟೇ ಒಯ್ಯಬೇಕು, ಸಭೆಯ ರೂಪವನ್ನು ನಂಬಿದವರೇ ತೀರ್ಮಾನಿಸಿಕೊಳ್ಳಲಿ ಎಂದು 1796ರಲ್ಲೇ ಬರೆದಿಟ್ಟಿದ್ದರು. 1908ರಲ್ಲಿ ಈ ಸಭೆಗಳು ದಕ್ಷಿಣ ಭಾರತ ಐಕ್ಯ ಸಭೆಗೆ ಸೇರಿದವು. ಅದರ ಚಿಕ್ಕ ಪ್ರಮಾಣಕ್ಕೆ ಅವರು ಒಂದು ಷರಾ ಹಾಕಿದರು: ಇದು ಮನುಷ್ಯರು ಬರೆದದ್ದು, ಒಪ್ಪಿದವರು ಪ್ರತಿಯೊಂದು ಪದಕ್ಕೂ ಕಟ್ಟುಬಿದ್ದಂತಲ್ಲ. ನನಗೆ ಬಹಳ ಹಿಡಿಸಿದ ಷರಾ ಇದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸಿಎಸ್‌ಐ ಹುಟ್ಟಿದಾಗಲೂ ವಾಕ್ಯವೇ ಪರಮ ಪ್ರಮಾಣ, ಅಪೊಸ್ತಲರ ಮತ್ತು ನೈಸಿಯಾದ ಹಳೆಯ ಎರಡು ವಿಶ್ವಾಸ ಪ್ರಮಾಣಗಳು ಅದಕ್ಕೆ ಸಾಕ್ಷಿ ಮತ್ತು ಕಾವಲು ಎಂದೇ ಬರೆದುಕೊಂಡರು.

ಇನ್ನೊಂದು ದಾರಿ ತೆಲುಗು ಸೀಮೆಯದು. ಇಂಗ್ಲೆಂಡಿನಲ್ಲಿ ಹಲ್ಲಿನ ವೈದ್ಯರಾಗಿದ್ದ ಆಂಥನಿ ನಾರಿಸ್ ಗ್ರೋವ್ಸ್, ಸಹೋದರರ ಸಭೆಗಳ ಮೂಲಪುರುಷರಲ್ಲೊಬ್ಬರು, 1830ರ ದಶಕದಲ್ಲಿ ಬಂದು ಚಿತ್ತೂರಿನಲ್ಲಿ ನೆಲೆಸಿದರು. ಅವರ ಕರೆಗೆ 1836ರಲ್ಲಿ ಬಂದ ಬೌಡನ್ ಮತ್ತು ಬೀರ್ ಕುಟುಂಬಗಳು ಗೋದಾವರಿ ಸೀಮೆ ಹಿಡಿದವು. ಶತಮಾನದ ನಂತರ ಪಂಜಾಬಿನ ಭಕ್ತ್ ಸಿಂಗ್ ಹೈದರಾಬಾದಿನ ಹೆಬ್ರೋನ್ ಕೇಂದ್ರದಿಂದ ಇದೇ ಬಗೆಯ ಸಭೆಗಳನ್ನು ಆಂಧ್ರದ ಉದ್ದಗಲಕ್ಕೂ ಹಬ್ಬಿಸಿದರು. ಇಲ್ಲಿ ಒಂದು ಮಾತು ಒಪ್ಪಲೇಬೇಕು. ಶಾಲೆ ಮೆಟ್ಟಿಲು ಹತ್ತದ ಎಷ್ಟೋ ಹೆಂಗಸರು ಅಕ್ಷರ ಕಲಿತದ್ದು "ವಾಕ್ಯದಾಗ ಎಲ್ಲೈತೆ" ಎಂಬ ಪ್ರಶ್ನೆಗಾಗಿ. ನಮ್ಮ ಅತ್ತೆಯೂ ಹಾಗೆಯೇ. ಸಂದೇಶ ಕೊಡುವವರು ಅಧ್ಯಾಯ ತಪ್ಪಿ ಹೇಳಿದರೆ ಅತ್ತೆ ಸೆರಗಿನೊಳಗಿಂದಲೇ ತಿದ್ದುತ್ತಾರೆ. ಪೌಲನು ಹೇಳಿದ್ದು ನಿಜವೋ ಎಂದು ಬೆರೋಯದವರು ದಿನಾಲೂ ಗ್ರಂಥ ನೋಡಿದರಲ್ಲ, ಅದನ್ನು ಅತ್ತೆ ಅಕ್ಷರಶಃ ಮಾಡುತ್ತಾರೆ.

ಆದರೂ ನನ್ನ ತಕರಾರು ಇದ್ದೇ ಇದೆ. ಪ್ರಮಾಣವಿಲ್ಲದ ಸಭೆಯನ್ನು ನಾನಿನ್ನೂ ನೋಡಿಲ್ಲ. ಬರೆದಿಟ್ಟದ್ದು, ಬರೆಯದೇ ಇಟ್ಟದ್ದು ಎಂದು ಎರಡು ಬಗೆ, ಅಷ್ಟೆ. ಬರೆದದ್ದನ್ನು ಕೈಯಲ್ಲಿ ಹಿಡಿದು "ಈ ಸಾಲು ಯಾಕೆ" ಎಂದು ಕೇಳಬಹುದು. ಬರೆಯದ್ದನ್ನು ಕೇಳುವುದು ಹೇಗೆ? ನಾನು ಬಂದಾಗ ಓಲೆ, ಬಳೆ ಬಿಚ್ಚಿಡಬೇಕೆಂದರು. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯ ತೋರಿಸಿದರು. ಬಿಚ್ಚಿಟ್ಟೆ, ಆಮೇಲೆ ಆ ವಚನವನ್ನು ಪೂರ್ತಿ ಓದಿದೆ. ಚಿನ್ನ, ಮುತ್ತು, ಬೆಲೆಬಾಳುವ ಬಟ್ಟೆ ಇವುಗಳ ಜೊತೆ ಜಡೆ ಹೆಣೆಯುವುದೂ ಅದೇ ಸಾಲಿನಲ್ಲಿದೆ. ಸಭೆಯಲ್ಲಿ ನಮ್ಮ ಅತ್ತೆಯಿಂದ ಹಿಡಿದು ಎಲ್ಲ ಹೆಂಗಸರ ಬೆನ್ನ ಮೇಲೂ ಉದ್ದನೆಯ ಜಡೆ. ಒಂದೇ ವಚನದಲ್ಲಿ ಚಿನ್ನ ಬೇಡ, ಜಡೆ ಪರವಾಗಿಲ್ಲ ಎಂದು ಯಾರು, ಯಾವತ್ತು, ಎಲ್ಲಿ ಕೂತು ತೀರ್ಮಾನಿಸಿದರು? ನೈಸಿಯಾದ ತೀರ್ಮಾನಕ್ಕೆ ಊರು ಉಂಟು, ಇಸವಿ ಉಂಟು.

ಮಾವ ದೀಕ್ಷಾಸ್ನಾನ ಕೊಡುವುದು ಹೊಲದ ಬೋರ್‌ವೆಲ್ ತೊಟ್ಟಿಯಲ್ಲಿ. ನೀರಿಗಿಳಿಸುವ ಮುಂಚೆ ಪ್ರಶ್ನೆ ಕೇಳುತ್ತಾರೆ. ಯೇಸು ದೇವರ ಮಗನೋ? ನಿನ್ನ ಪಾಪಕ್ಕಾಗಿ ಸತ್ತನೋ? ಹೂಣಲ್ಪಟ್ಟು ಮೂರನೇ ದಿನ ಎದ್ದನೋ? ತಿರುಗಿ ಬರುತ್ತಾನೋ? 66 ಪುಸ್ತಕಗಳನ್ನೂ ದೇವರ ವಾಕ್ಯವೆಂದು ನಂಬುತ್ತೀಯೋ? ಈ ಕೊನೆಯದನ್ನು ಬಿಟ್ಟರೆ ಉಳಿದದ್ದೆಲ್ಲ ನಾನು ಬಳ್ಳಾರಿಯಲ್ಲಿ ಹೇಳುತ್ತಿದ್ದ ಪ್ರಮಾಣವೇ. 66 ಎಂಬ ಲೆಕ್ಕ ಮಾತ್ರ ವಾಕ್ಯದಲ್ಲಿಲ್ಲ. ಕಥೋಲಿಕರ ಬೈಬಲಿನಲ್ಲಿ 73 ಇವೆ. ಅಪೊಸ್ತಲರು ಆಳಿಗೊಂದರಂತೆ ಹನ್ನೆರಡು ಸಾಲು ಹೇಳಿ ಅಪೊಸ್ತಲರ ಪ್ರಮಾಣ ಕಟ್ಟಿದರೆಂಬುದು ಹಳೆಯ ಕಟ್ಟುಕತೆ. ಅದರ ಬೇರು ಇರುವುದು ರೋಮಿನ ಸಭೆಯವರು ನೀರಿನಲ್ಲಿ ನಿಲ್ಲಿಸಿ ಕೇಳುತ್ತಿದ್ದ ಮೂರು ಪ್ರಶ್ನೆಗಳಲ್ಲಿ. ನಂಬುತ್ತೀಯಾ ಎಂದರೆ ನಂಬುತ್ತೇನೆ ಎನ್ನಬೇಕಿತ್ತು. ಆ ಉತ್ತರಗಳೇ ಬೆಳೆದು, ಇಂದಿನ ರೂಪಕ್ಕೆ ಬರುವಾಗ ಎಂಟನೇ ಶತಮಾನ.

ಇದನ್ನು ಹೇಳಿ, "ನೀವು ಕೇಳೋದೂ ಪ್ರಮಾಣವೇ ಅಲ್ವೇ ಮಾವಾ?" ಅಂದೆ.

"ಪ್ರಮಾಣ ಆಗಿದ್ರೆ ಬಾಯಿಪಾಠ ಮಾಡ್ಕಂಡು ಬಂದು ಗಡಗಡ ಒಪ್ಪಿಸ್ತಿದ್ರು. ಕೇಳಿದ್ರೆ ತಡವರಿಸ್ತಾರೆ ನೋಡು, ಅಲ್ಲಿ ಗೊತ್ತಾಗ್ತೈತೆ ಯಾರು ನಂಬಿದಾರೆ ಅಂತ. ಅದಕ್ಕೇ ಈ ಸಲ ಪ್ರಶ್ನೆ ಬದಲಾಯಿಸ್ತೀನಿ."

ಯಾವ ಪ್ರಶ್ನೆ ಅಂತ ಕೇಳಿದೆ.

"ನಿನಗ್ಯಾಕಮ್ಮಾ? ನೀನು ಟೀಚರು, ಹುಡುಗರಿಗೆ ಹೇಳ್ಕೊಟ್ಬಿಡ್ತೀಯ."